ಗಣಕವ್ಯವಸ್ಥೆಯ ಜೀರ್ಣೋದ್ಧಾರ: ಸಂಸ್ಥೆಗಳು ಅನುಸರಿಸಬೇಕಾದ ಕ್ರಮ

ಗಣಕಯಂತ್ರದ ಮುಂದೆ ಕುಳಿತವರಿಗೆ ಕಾಣುವುದು ಪತ್ರ, ಲೆಕ್ಕ, ಚಿತ್ರ ಮೊದಲಾದವು ಮಾತ್ರ. ಇವೆಲ್ಲಕ್ಕೂ ತಳಹದಿಯಾಗಿ, ಯಂತ್ರದ ಅಂಗಗಳಿಗೂ ಅದರಲ್ಲಿ ನಡೆಯುವ ಕೆಲಸಗಳಿಗೂ ನಡುವೆ ಹೊಂದಿಕೆಯನ್ನೇರ್ಪಡಿಸುವ ಮೂಲ ತಂತ್ರಾಂಶವೊಂದಿದೆ. ಅದನ್ನೇ ಆಪರೇಟಿಂಗ್ ಸಿಸ್ಟಂ, ಎಂದರೆ ಕಾರ್ಯಾಚರಣ ವ್ಯವಸ್ಥೆ ಎನ್ನುತ್ತಾರೆ. ವಿಂಡೋಸ್, ಲಿನಕ್ಸ್ ಮುಂತಾದುವು ಈ ಜಾತಿಗೆ ಸೇರಿದುವು. ಮನೆಯ ಒಂದು ಯಂತ್ರಕ್ಕೆ ಹೊಸ ವ್ಯವಸ್ಥೆಯನ್ನು ಅಳವಡಿಸುವುದು ಒಂದು ಸಂಜೆಯ ಕೆಲಸ. ಥಾಣೆಯ ಆಸ್ಪತ್ರೆಯೊಂದರಲ್ಲಿಯೋ ಕಲ್ಯಾಣದ ಕಾಲೇಜೊಂದರಲ್ಲಿಯೋ ಐರೋಲಿ, ಮಹಾಪೆಗಳ ಕಚೇರಿಗಳಲ್ಲಿಯೋ ನೂರಾರು ಯಂತ್ರಗಳನ್ನು, ದೈನಂದಿನ ವ್ಯವಹಾರಕ್ಕೆ ಭಂಗ ಬರದಂತೆ ಬದಲಾಯಿಸುವುದಾದರೋ ಬೇರೆಯೇ ವಿದ್ಯೆ. ಅದರಲ್ಲಿ ಯಂತ್ರಜ್ಞಾನಕ್ಕಿಂತ ಆಡಳಿತದ ವಿವೇಕಕ್ಕೇ ಹೆಚ್ಚಿನ ಪಾತ್ರವುಂಟು.

ಕೆಲಸ ನಡೆಯುತ್ತಿರುವ ವ್ಯವಸ್ಥೆಯನ್ನು ಬದಲಾಯಿಸುವುದೇಕೆ ಎಂಬ ಶಂಕೆ ಸಹಜವಾದುದೇ. ಲಕ್ಷಾಂತರ ಸಾಲುಗಳ ತಂತ್ರಾಂಶದಲ್ಲಿ ದೋಷಗಳು ಅಡಗಿರುವುದು ಅನಿವಾರ್ಯ. ಅವು ಬೆಳಕಿಗೆ ಬಂದಂತೆಲ್ಲ ತಯಾರಕರು ತೇಪೆಗಳನ್ನು ಒದಗಿಸುತ್ತಾರೆ. ಆದರೆ ಈ ಆರೈಕೆಗೆ ಕಾಲಮಿತಿಯಿದೆ. ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ಆರೈಕೆ ಮುಗಿಯಿತು. ಆ ದಿನ ಯಂತ್ರವೇನೂ ನಿಂತುಹೋಗುವುದಿಲ್ಲ. ಮರುದಿನದಿಂದ ಕಂಡುಬರುವ ಬಿರುಕುಗಳನ್ನು ಮುಚ್ಚುವವರು ಮಾತ್ರ ಇಲ್ಲವಾಗುತ್ತಾರೆ. ಹೊರಗೆ ಯಾವ ಲಕ್ಷಣವೂ ತೋರದಿರುವುದರಿಂದಲೇ ಈ ಅಪಾಯ ಅಲಕ್ಷ್ಯಕ್ಕೆ ಗುರಿಯಾಗುತ್ತದೆ.

ಅಲಕ್ಷ್ಯದ ಫಲವೇನೆಂಬುದನ್ನು ನವಿಮುಂಬಯಿಯ ನೆರೆಯಲ್ಲಿಯೇ ಕಾಣುವಂತಾಯಿತು. ವಿಂಡೋಸಿನ ಒಂದು ಗಂಭೀರ ದೋಷಕ್ಕೆ 2017ರ ಮಾರ್ಚ್ 14ರಂದು ತೇಪೆ ಹೊರಬಂದಿತ್ತು. ಅದೇ ದೋಷವನ್ನು ಹಿಡಿದು ಮೇ 12ರಂದು ವಾನ್ನಾಕ್ರೈ ಎಂಬ ಪಿಡುಗು ಜಗತ್ತಿನಾದ್ಯಂತ ಹಬ್ಬಿತು. ಜೂನ್ 27ರಂದು ನಾಟ್‌ಪೆಟ್ಯಾ ಎಂಬ ಇನ್ನೊಂದು ಪಿಡುಗು ಉಕ್ರೇನಿನಲ್ಲಿ ಹುಟ್ಟಿ, ಮ್ಯಾರ್ಸ್ಕ್ ಎಂಬ ಡೆನ್ಮಾರ್ಕಿನ ನೌಕಾಸಂಸ್ಥೆಯ ಜಾಲವನ್ನು ಹೊಕ್ಕು, ಅದೇ ಬಳಗ ನಡೆಸುವ ನ್ಹಾವಾಶೇವಾ ಬಂದರಿನ ಒಂದು ಕಂಟೇನರ್ ಕಟ್ಟೆಯನ್ನೂ ಬಾಧಿಸಿತು. ಗಣಕದಿಂದ ನಡೆಯುತ್ತಿದ್ದ ಏರಿಳಿಕೆಯ ಕೆಲಸವನ್ನು ಕೈಬರಹದಿಂದ ನಡೆಸಬೇಕಾಯಿತು. ಹತ್ತು ದಿನಗಳಲ್ಲಿ 4,000 ಸರ್ವರುಗಳನ್ನೂ 45,000 ಗಣಕಗಳನ್ನೂ ಹೊಸದಾಗಿ ಸಜ್ಜುಗೊಳಿಸಬೇಕಾಯಿತೆಂದು ಆ ಸಂಸ್ಥೆಯ ಅಧ್ಯಕ್ಷರೇ ಮುಂದೆ ಬಹಿರಂಗವಾಗಿ ತಿಳಿಸಿದರು.

ಆದರೆ ಈ ಪ್ರಸಂಗಕ್ಕೆ ಇನ್ನೊಂದು ಮುಖವಿದೆ. ನಾಟ್‌ಪೆಟ್ಯಾ ಮೊದಲು ಹರಡಿದ್ದು ಉಕ್ರೇನಿನ ಲೆಕ್ಕಪತ್ರದ ತಂತ್ರಾಂಶವೊಂದರ ನವೀಕರಣದ ಮೂಲಕವೇ! ಒಳಹೊಕ್ಕ ಮೇಲೆ ಅದು ಗುಪ್ತಪದಗಳನ್ನು ಕದ್ದು, ತೇಪೆ ಹಾಕಿದ್ದ ಯಂತ್ರಗಳನ್ನೂ ಮುಟ್ಟಿತು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ರಕ್ಷಣಾ ತಂತ್ರಾಂಶದ ದೋಷಪೂರ್ಣ ನವೀಕರಣವೊಂದು ಸುಮಾರು 85 ಲಕ್ಷ ಯಂತ್ರಗಳನ್ನು ಏಕಕಾಲಕ್ಕೆ ಕೆಡಿಸಿತು; ನಮ್ಮ ದೇಶದ ವಿಮಾನನಿಲ್ದಾಣಗಳಲ್ಲಿಯೂ ಆಗ ಕೈಬರಹದ ಬೋರ್ಡಿಂಗ್ ಪಾಸುಗಳನ್ನು ಕೊಡಬೇಕಾಯಿತು. ಆದುದರಿಂದ ವಿಳಂಬವೂ ಕೇಡು, ಎಲ್ಲೆಡೆಯೂ ಒಮ್ಮೆಗೇ ಮಾಡುವ ಆತುರವೂ ಕೇಡು. ಇವೆರಡರ ನಡುವಣ ದಾರಿಯೇ ಕ್ರಮಬದ್ಧವಾದ ಬದಲಾವಣೆ.

ಅದರ ಸ್ವರೂಪವನ್ನು ತಿಳಿಯಲು ಈ ಭಾಗದ ಜನಕ್ಕೆ ದೂರ ಹೋಗಬೇಕಾಗಿಲ್ಲ. ಮುಂಬಯಿಯ ಉಪನಗರ ರೈಲುಗಳು 1925ರಿಂದಲೂ 1,500 ವೋಲ್ಟಿನ ನೇರ ವಿದ್ಯುತ್ತಿನಿಂದ ಓಡುತ್ತಿದ್ದುವು. ಅದನ್ನು 25,000 ವೋಲ್ಟಿನ ಪರ್ಯಾಯ ವಿದ್ಯುತ್ತಿಗೆ ಬದಲಾಯಿಸುವಾಗ, ಡೊಂಬಿವಲಿಯಿಂದ ಕೆಲಸಕ್ಕೆ ಹೊರಟವರನ್ನು ವರ್ಷಗಟ್ಟಲೆ ಮನೆಯಲ್ಲಿ ಕೂರಿಸಲಾಗಲಿಲ್ಲ. ಒಂದೊಂದೇ ಖಂಡವನ್ನು ಬದಲಾಯಿಸಲಾಯಿತು. ಎರಡೂ ವಿದ್ಯುತ್ತಿನಲ್ಲಿ ಓಡಬಲ್ಲ ಗಾಡಿಗಳನ್ನು ಮೊದಲೇ ತರಲಾಯಿತು. ದೊಡ್ಡ ಕೆಲಸಕ್ಕೆ ಮುಂಚಿತವಾಗಿ ಸಾರಿದ ಬ್ಲಾಕುಗಳನ್ನು ಬಳಸಿಕೊಳ್ಳಲಾಯಿತು. ಮಧ್ಯ ರೈಲ್ವೆಯ ಮುಖ್ಯ ಮಾರ್ಗದಲ್ಲಿ 2015ರಲ್ಲಿಯೂ, ಪನವೇಲಿನತ್ತ ಸಾಗುವ ಹಾರ್ಬರ್ ಮಾರ್ಗದಲ್ಲಿ 2016ರಲ್ಲಿಯೂ ಈ ಕಾರ್ಯ ಪೂರ್ಣಗೊಂಡಿತು.

ಗಣಕಗಳ ವಿಷಯದಲ್ಲಿಯೂ ಇದೇ ನ್ಯಾಯ. ಮೊದಲನೆಯದು ಪಟ್ಟಿ: ಯಾವ ಯಂತ್ರ ಎಲ್ಲಿದೆ, ಅದರ ವಯಸ್ಸೆಷ್ಟು, ಅದರಲ್ಲಿ ಯಾವ ತಂತ್ರಾಂಶವಿದೆ, ಅದನ್ನು ನಂಬಿದ ಕೆಲಸ ಯಾವುದು ಎಂಬುದು ಬರಹದಲ್ಲಿರಬೇಕು. ಪಟ್ಟಿಯಲ್ಲಿಲ್ಲದ ಯಂತ್ರವೇ ಮುಂದೆ ಕಳ್ಳಗಂಡಿಯಾಗುತ್ತದೆ. ಎರಡನೆಯದು ಪರೀಕ್ಷೆ: ಸಂಬಳಪಟ್ಟಿ, ಮುದ್ರಣಯಂತ್ರ, ಲೆಕ್ಕಪತ್ರಗಳೆಲ್ಲ ಹೊಸ ವ್ಯವಸ್ಥೆಯಲ್ಲಿ ನಡೆಯುವುವೇ ಎಂದು ಒಂದೆರಡು ಯಂತ್ರಗಳಲ್ಲಿ ನೋಡುವುದು. ಮೂರನೆಯದು ನಕಲು: ಎಲ್ಲ ಕಡತಗಳ ಪ್ರತಿಯನ್ನು ಜಾಲದಿಂದ ಬೇರ್ಪಡಿಸಿಟ್ಟು, ಅದನ್ನು ಮರಳಿ ತೆರೆಯಬಹುದೆಂದು ಖಚಿತಪಡಿಸಿಕೊಳ್ಳುವುದು. ನಾಲ್ಕನೆಯದು ವಲಯಕ್ರಮ: ಮೊದಲು ಗಣಕವಿಭಾಗ, ಬಳಿಕ ಪ್ರತಿಯೊಂದು ಶಾಖೆಯ ಕೆಲವರು, ಆಮೇಲೆ ಉಳಿದವರು, ಕಟ್ಟಕಡೆಗೆ ನಿಂತರೆ ಸಂಸ್ಥೆಯೇ ನಿಲ್ಲುವಂಥ ಯಂತ್ರಗಳು. ಪ್ರತಿ ಹಂತದಲ್ಲಿಯೂ ಹಿಂದಿರುಗುವ ದಾರಿ ತೆರೆದಿರಬೇಕು.

ಇಷ್ಟಕ್ಕೂ ಗಡುವಿಲ್ಲದೆ ಯಾವ ಸಂಸ್ಥೆಯೂ ಹೆಜ್ಜೆಯಿಡದು. ಬ್ಯಾಂಕುಗಳ ಎಟಿಎಂಗಳಲ್ಲಿ ಎಕ್ಸ್‌ಪಿಯೇ ಉಳಿದುದನ್ನು ಕಂಡು ರಿಸರ್ವ್ ಬ್ಯಾಂಕು 2018ರ ಜೂನ್‌ನಲ್ಲಿ ಆದೇಶ ಹೊರಡಿಸಿತು: ಕಾಲುಭಾಗ ಸೆಪ್ಟೆಂಬರಿಗೆ, ಅರ್ಧ ಡಿಸೆಂಬರಿಗೆ, ಮುಕ್ಕಾಲು 2019ರ ಮಾರ್ಚಿಗೆ, ಪೂರ್ತಿ ಜೂನಿಗೆ. ಹಂತವನ್ನೂ ದಿನಾಂಕವನ್ನೂ ಜೊತೆಗೂಡಿಸಿದ ಈ ಆದೇಶ ಒಂದು ಮಾದರಿ.

ಎಲ್ಲ ಹಳೆಯ ಯಂತ್ರಗಳೂ ಹೊಸತನ್ನು ತಾಳಲಾರವು. ವಿಂಡೋಸ್ 11 ಬೇಡುವ ಟಿಪಿಎಂ 2.0 ಎಂಬ ರಕ್ಷಣಾಭಾಗವೂ ಹೊಸ ತಲೆಮಾರಿನ ಪ್ರಾಸೆಸರೂ ಅನೇಕ ಯಂತ್ರಗಳಲ್ಲಿಲ್ಲ. ಸಂಸ್ಥೆಗಳು ವಿಂಡೋಸ್ 10ಕ್ಕೆ ಹಣ ತೆತ್ತು 2028ರ ಅಕ್ಟೋಬರಿನವರೆಗೆ ರಕ್ಷಣೆ ಪಡೆಯಬಹುದು. ಬೆಲೆಯಾದರೋ ವರ್ಷದಿಂದ ವರ್ಷಕ್ಕೆ ಇಮ್ಮಡಿಯಾಗುತ್ತದೆ. ಓದುಬರಹಕ್ಕಷ್ಟೇ ಬಳಸುವ ಗಣಕಗಳಿಗೆ ಲಿನಕ್ಸ್ ಒಪ್ಪುತ್ತದೆ. ಕಾರ್ಖಾನೆಯ ಯಂತ್ರಕ್ಕೆ ಜೋಡಿಸಿದ, ಬದಲಾಯಿಸಲಾಗದ ಗಣಕವನ್ನು ಜಾಲದಿಂದ ಪ್ರತ್ಯೇಕಿಸುವುದೇ ಲೇಸು.

ಕನ್ನಡ ಸಂಘಗಳೂ ಶಾಲೆಗಳೂ ಇಲ್ಲಿ ವಿಶೇಷವಾಗಿ ಎಚ್ಚರ ವಹಿಸಬೇಕಾದ ಅಂಶವೊಂದಿದೆ. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಬರೆದ ಕಡತದೊಳಗೆ ನಿಜವಾಗಿ ಇರುವುವು ಇಂಗ್ಲಿಷಿನ ಸಂಕೇತಗಳು. ಆ ಶೈಲಿಯಿದ್ದಾಗ ಮಾತ್ರ ಅವು ಕನ್ನಡವಾಗಿ ತೋರುತ್ತವೆ. ಹೊಸ ವ್ಯವಸ್ಥೆಯಲ್ಲಿ ಆ ಶೈಲಿ ಇಲ್ಲವಾದರೆ ಇಪ್ಪತ್ತು ವರ್ಷದ ನಡಾವಳಿಯೂ ಸಂಚಿಕೆಗಳ ಅಚ್ಚುಪ್ರತಿಯೂ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗುತ್ತವೆ. ಯೂನಿಕೋಡಿನಲ್ಲಾದರೋ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ತನ್ನದೇ ಸ್ಥಾನವಿದೆ. ಹಳೆಯ ಗಣಕವನ್ನು ಗುಜರಿಗೆ ಹಾಕುವ ಮುನ್ನ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರ, ಅರ್ಕಾವತ್ತುಗಳನ್ನು ಕಣ್ಣಿಟ್ಟು ತಿದ್ದಿ, ಒಂದು ಮುದ್ರಿತ ಪ್ರತಿಯನ್ನೂ ಇಟ್ಟುಕೊಳ್ಳುವುದು ಕ್ಷೇಮ. ಯಂತ್ರವನ್ನು ಮತ್ತೆ ಕೊಳ್ಳಬಹುದು. ಹೊರನಾಡಿನಲ್ಲಿ ಕನ್ನಡಿಗರು ನಡೆಸಿದ ಕೆಲಸದ ದಾಖಲೆ ಅಳಿದರೆ ಅದನ್ನು ಮತ್ತೆ ಬರೆಯಬಲ್ಲವರು ಉಳಿದಿರುವುದಿಲ್ಲ.