ಬಿ.ಪಿ. ಏರಿದರೆ ಕಿಡ್ನಿಗೆ ಏನಾಗುತ್ತದೆ?

ಪ್ರಶ್ನೆ: ಅಪ್ಪಯ್ಯನಿಗೆ ಬಿ.ಪಿ. ಇದೆ. ಡಾಕ್ಟರು ಮೂತ್ರ ಪರೀಕ್ಷೆಗೆ ಬರೆದುಕೊಟ್ಟಿದ್ದಾರೆ. ಯಾಕೆ?
– ಓದುಗರೊಬ್ಬರು, ನರಸಿಂಹರಾಜಪುರ

ಉತ್ತರ: ಹೃದಯ ನಿಮಿಷಕ್ಕೆ ಹೊರದೂಡುವ ರಕ್ತದಲ್ಲಿ ಸುಮಾರು ಐದನೇ ಒಂದು ಪಾಲು, ಅಂದರೆ ಒಂದು ಲೀಟರಿನಷ್ಟು, ಮೂತ್ರಪಿಂಡಗಳಿಗೇ ಹೋಗುತ್ತದೆ. ಒಂದೊಂದರಲ್ಲೂ ಸುಮಾರು 10 ಲಕ್ಷ ಸೋಸುವ ಘಟಕಗಳಿವೆ. ಪ್ರತಿ ಘಟಕಕ್ಕೂ ರಕ್ತ ತರುವುದು ಕೂದಲಿಗಿಂತ ಸಣ್ಣ ಧಮನಿ. ಒತ್ತಡ ಏರಿದಾಗ ಅದು ಬಿಗಿದುಕೊಂಡು ಒಳಗಿನ ಸೂಕ್ಷ್ಮ ಜಾಲವನ್ನು ಕಾಯುತ್ತದೆ. ವರ್ಷಗಟ್ಟಲೆ ಹೀಗೇ ಆದರೆ ಅದರ ಗೋಡೆಯೊಳಕ್ಕೆ ರಕ್ತದ ಪ್ರೋಟೀನು ಇಳಿದು, ಗೋಡೆ ದಪ್ಪವಾಗಿ ಪೆಡಸಾಗುತ್ತದೆ. ಡ್ರಿಪ್ ಪೈಪಿನ ತೂತಿಗೆ ಉಪ್ಪು ಕಟ್ಟಿದರೆ ಆ ಅಡಿಕೆ ಮರ ಸೊರಗುವಂತೆ, ರಕ್ತ ಸಾಲದೆ ಆ ಘಟಕ ಕಲೆಗಟ್ಟಿ ಸಾಯುತ್ತದೆ. ಉಳಿದವುಗಳ ಮೇಲೆ ಹೊರೆ ಹೆಚ್ಚಿ, ಅವುಗಳ ಜರಡಿ ಸಡಿಲವಾಗಿ ಅಲ್ಬುಮಿನ್ ಎಂಬ ಪ್ರೋಟೀನು ಮೂತ್ರಕ್ಕೆ ಸೋರುತ್ತದೆ. ಡಾಕ್ಟರು ಹುಡುಕುತ್ತಿರುವುದು ಇದನ್ನೇ.

ನನಗೆ ಹೆಚ್ಚು ಕಳವಳ ತರುವ ಸಂಗತಿ ಬೇರೆಯಿದೆ. ರಕ್ತ ಸಾಲದ ಮೂತ್ರಪಿಂಡ ರೆನಿನ್ ಎಂಬ ರಾಸಾಯನಿಕ ಬಿಡುಗಡೆ ಮಾಡಿ ಬಿ.ಪಿ.ಯನ್ನು ಇನ್ನೂ ಏರಿಸುತ್ತದೆ. ಅಷ್ಟಾದರೂ ನೋವಿಲ್ಲ, ಉರಿಯಿಲ್ಲ. ಮೂತ್ರಪಿಂಡದ ಅರ್ಧದಷ್ಟು ಶಕ್ತಿ ಹೋಗುವವರೆಗೂ ರಕ್ತ ಪರೀಕ್ಷೆಯಲ್ಲಿ ನೋಡುವ ಕ್ರಿಯಾಟಿನಿನ್ ಏರದೇ ಇರಬಹುದು. ಹಾಗಾಗಿ ಮೂತ್ರ ಪರೀಕ್ಷೆ ತಪ್ಪಿಸಬೇಡಿ.

ಬಿ.ಪಿ. ಹತೋಟಿಯಲ್ಲಿಡಲು ಉಪ್ಪು ಕಡಿಮೆ ಮಾಡಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು. ಮಲೆನಾಡಿನ ಊಟಕ್ಕೆ ಅಪ್ಪೆಮಿಡಿ ಉಪ್ಪಿನಕಾಯಿ ಬೇಕೇ ಬೇಕು, ನಿಜ. ಆದರೆ ಅಪ್ಪಯ್ಯನ ಎಲೆಗೆ ಅದು ಅಪರೂಪಕ್ಕೆ ಬೀಳಲಿ. ಬಿ.ಪಿ. ಸರಿಹೋಯಿತೆಂದು ಗುಳಿಗೆ ನಿಲ್ಲಿಸುವುದು ಬೇಡ. ಕೊಯ್ಲಿನ ಕಾಲದ ಸೊಂಟನೋವಿಗೆ ಅಂಗಡಿಯಿಂದ ತಾವೇ ನೋವಿನ ಮಾತ್ರೆ ತಂದು ನುಂಗುವುದಂತೂ ಬೇಡವೇ ಬೇಡ. ಅವುಗಳಲ್ಲಿ ಹಲವು ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನು ಮತ್ತಷ್ಟು ಕಡಿಮೆ ಮಾಡುತ್ತವೆ.