ನೂರು ಮಿಲಿಮೀಟರ್ ಮಳೆಯಲ್ಲಿ ಬೆಳೆ: ನೆಗೆವ್ ಮರುಭೂಮಿಯ ಇಳಿಜಾರುಗಳು ಹೇಳುವುದೇನು?

ಇಸ್ರೇಲ್ ಎಂದೊಡನೆ ನಮ್ಮ ರೈತ ಬಾಂಧವರಿಗೆ ನೆನಪಾಗುವುದು ಹನಿ ನೀರಾವರಿ. ಆದರೆ ಅದೇ ದೇಶದ ದಕ್ಷಿಣದಲ್ಲಿರುವ ನೆಗೆವ್ ಮರುಭೂಮಿಯಲ್ಲಿ, ಸುಮಾರು ಒಂದೂವರೆ ಸಾವಿರ ವರ್ಷಗಳ ಹಿಂದೆಯೇ, ಹೊಲಕ್ಕೆ ನದಿಯ ನೀರಾಗಲಿ ಬಾವಿಯ ನೀರಾಗಲಿ ಹಾಯಿಸದೆ ಗೋಧಿ, ಬಾರ್ಲಿ, ದ್ರಾಕ್ಷಿಗಳನ್ನು ಬೆಳೆಯುತ್ತಿದ್ದರು. ಅಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 100 ಮಿ.ಮೀ. ಮಾತ್ರ. ನಮ್ಮ ರಾಜ್ಯದಲ್ಲಿ ಅತಿ ಕಡಿಮೆ ಮಳೆಯ ಪ್ರದೇಶಗಳಲ್ಲೊಂದಾದ ಚಳ್ಳಕೆರೆ ಸೀಮೆಯಲ್ಲಿಯೂ ಇದರ ನಾಲ್ಕು ಪಟ್ಟಿಗಿಂತ ಹೆಚ್ಚು ಮಳೆಯಾಗುತ್ತದೆ. ಹೀಗಿರುವಾಗ ಅಲ್ಲಿ ಬೆಳೆ ಬಂದದ್ದು ಹೇಗೆ? ಮಳೆಯನ್ನೇ ನಂಬಿ ಬಿತ್ತುವ ಪ್ರತಿಯೊಬ್ಬ ರೈತನೂ ತಿಳಿಯಬೇಕಾದ ವಿಷಯವಿದು.

ಮಳೆಯ ಹಂಚಿಕೆ

ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ದೇಶಗಳಲ್ಲಿ ಮಳೆಗಾಲ ಬರುವುದು ಚಳಿಗಾಲದಲ್ಲಿ. ಇಸ್ರೇಲಿನಲ್ಲಿ ಅಕ್ಟೋಬರಿನಿಂದ ಮೇ ತಿಂಗಳವರೆಗೆ ಮಳೆ ಬರುವುದುಂಟು. ಆದರೆ ಅದರ ಹೆಚ್ಚಿನ ಪಾಲು ಡಿಸೆಂಬರ್, ಜನವರಿ, ಫೆಬ್ರವರಿಗಳಲ್ಲಿಯೇ ಸುರಿಯುತ್ತದೆ. ಬೇಸಿಗೆ ಪೂರ್ತಿ ಒಣ. ಸೈಪ್ರಸ್ ದ್ವೀಪದ ಬಳಿ ಉಂಟಾಗುವ ವಾಯುಭಾರ ಕುಸಿತಗಳು ಸಮುದ್ರದ ತೇವವನ್ನು ಪಶ್ಚಿಮದಿಂದ ಹೊತ್ತು ತರುತ್ತವೆ.

ಆದ್ದರಿಂದ ಉತ್ತರದಿಂದ ದಕ್ಷಿಣಕ್ಕೆ ಹೋದಂತೆ ಮಳೆ ಶೀಘ್ರವಾಗಿ ಇಳಿಯುತ್ತದೆ. ಉತ್ತರದ ಗಲಿಲೀ ಬೆಟ್ಟಗಳಲ್ಲಿ 700 ಮಿ.ಮೀ.ಗೂ ಹೆಚ್ಚು, ನೆಗೆವ್‌ನ ಉತ್ತರ ಅಂಚಿನ ಬೀರ್‌ಷೆಬಾ ಪಟ್ಟಣದಲ್ಲಿ ಸುಮಾರು 200 ಮಿ.ಮೀ., ದಕ್ಷಿಣ ತುದಿಯ ಐಲಾತ್‌ನಲ್ಲಿ ಸುಮಾರು 30 ಮಿ.ಮೀ. ಮಳೆಯಾಗುತ್ತದೆ. ಬೆಟ್ಟದ ಸಾಲಿನ ಪ್ರಭಾವವೂ ದೊಡ್ಡದು. ಬೆಟ್ಟದ ಮೇಲಿನ ಜೆರುಸಲೇಮ್‌ನಲ್ಲಿ 500 ಮಿ.ಮೀ.ಗೂ ಹೆಚ್ಚು ಮಳೆಯಾದರೆ, ಅಲ್ಲಿಂದ ಪೂರ್ವಕ್ಕೆ ಮೂವತ್ತು ಕಿಲೋಮೀಟರಿನೊಳಗೆ ಇರುವ ಮೃತ ಸಮುದ್ರದ ದಡದಲ್ಲಿ 100 ಮಿ.ಮೀ. ಕೂಡ ಆಗುವುದಿಲ್ಲ. ಸಹ್ಯಾದ್ರಿಯ ಪೂರ್ವಕ್ಕಿರುವ ನಮ್ಮ ಬಯಲು ಸೀಮೆಯ ಸ್ಥಿತಿಯೂ ಇದೇ ಬಗೆಯದು. ಇದನ್ನೇ ಮಳೆಯ ನೆರಳಿನ ಪ್ರದೇಶ ಎನ್ನುತ್ತಾರೆ.

ಹಳೆಯ ಹೊಲಗಳ ಪುನರುಜ್ಜೀವನ

ನೆಗೆವ್‌ನ ಅವ್ದಾತ್, ಶಿವ್ತಾ ಮೊದಲಾದ ಪಾಳು ಪಟ್ಟಣಗಳ ಸುತ್ತ ಹಳ್ಳಗಳಿಗೆ ಅಡ್ಡಲಾಗಿ ಕಟ್ಟಿದ ಸಾವಿರಾರು ಕಲ್ಲಿನ ಒಡ್ಡುಗಳಿವೆ. ಜೆರುಸಲೇಮ್‌ನ ಹೀಬ್ರೂ ವಿಶ್ವವಿದ್ಯಾನಿಲಯದ ಸಸ್ಯವಿಜ್ಞಾನಿ ಮೈಕಲ್ ಎವೆನಾರಿ, ಎಂಜಿನಿಯರ್ ಲೆಸ್ಲಿ ಶಾನನ್ ಮತ್ತು ನಫ್ತಾಲಿ ತದ್ಮೋರ್ ಇವರು ಈ ಒಡ್ಡುಗಳನ್ನು ಅಳೆದು ನೋಡಿದ್ದಷ್ಟೇ ಅಲ್ಲ, 1958ರಲ್ಲಿ ಶಿವ್ತಾದಲ್ಲಿಯೂ 1959ರಲ್ಲಿ ಅವ್ದಾತ್‌ನಲ್ಲಿಯೂ ಹಳೆಯ ಹೊಲಗಳನ್ನು ದುರಸ್ತಿ ಮಾಡಿ ಬೆಳೆ ಇಟ್ಟರು. ಬಾದಾಮಿ, ಪಿಸ್ತಾ, ದ್ರಾಕ್ಷಿ, ಜರದಾಳು ಗಿಡಗಳು ಅಲ್ಲಿ ಬೆಳೆದು ಫಲ ಕೊಟ್ಟವು.

ಇದರ ಗುಟ್ಟು ಸರಳವಾದ ಲೆಕ್ಕದಲ್ಲಿದೆ. ಒಂದು ಹೆಕ್ಟೇರಿನ ಮೇಲೆ 100 ಮಿ.ಮೀ. ಮಳೆ ಬಿದ್ದರೆ ಅದು 1,000 ಘನ ಮೀಟರು ನೀರು. ಅಲ್ಲಿನ ಇಳಿಜಾರುಗಳಲ್ಲಿ ಇದರ ಶೇಕಡ 15ರಿಂದ 20ರಷ್ಟು, ಅಂದರೆ 150ರಿಂದ 200 ಘನ ಮೀಟರು, ಮೇಲ್ಮೈಯಲ್ಲಿ ಹರಿದು ಕೆಳಗೆ ಬರುತ್ತದೆ. ಹಿಂದಿನ ರೈತರು ಒಂದು ಹೆಕ್ಟೇರು ಹೊಲಕ್ಕೆ 20ರಿಂದ 30 ಹೆಕ್ಟೇರು ಇಳಿಜಾರನ್ನು ಮೀಸಲಿಡುತ್ತಿದ್ದರು. 20 ಹೆಕ್ಟೇರಿನಿಂದ ಬರುವ 3,000ದಿಂದ 4,000 ಘನ ಮೀಟರು ನೀರು ಒಂದು ಹೆಕ್ಟೇರಿನಲ್ಲಿ ನಿಂತರೆ ಅದು 300ರಿಂದ 400 ಮಿ.ಮೀ. ಮಳೆಗೆ ಸಮ! ಒಂದು ಮಡಿ ತುಂಬಿದ ಮೇಲೆ ಮಿಕ್ಕ ನೀರು ಕಲ್ಲಿನ ಕೋಡಿಯ ಮೂಲಕ ಕೆಳಗಿನ ಮಡಿಗೆ ಇಳಿಯುತ್ತಿತ್ತು. ಹೊಲದ ಆಳವಾದ ಮಣ್ಣು ಆ ನೀರನ್ನು ಹಿಡಿದಿಟ್ಟುಕೊಂಡು, ಮಳೆಯಿಲ್ಲದ ಬೇಸಿಗೆಯಲ್ಲಿ ಗಿಡದ ಬೇರಿಗೆ ಒದಗಿಸುತ್ತಿತ್ತು.

ಮರುಭೂಮಿಯಲ್ಲಿ ನೀರು ಏಕೆ ಹರಿಯುತ್ತದೆ?

ಮರುಭೂಮಿಯ ಒಣ ನೆಲ ನೀರನ್ನೆಲ್ಲ ಕುಡಿದುಬಿಡಬೇಕಲ್ಲವೇ ಎಂದು ನೀವು ಕೇಳಬಹುದು. ನೆಗೆವ್‌ನ ಹಲವೆಡೆ ಗಾಳಿ ತಂದು ಸುರಿದ ನುಣುಪಾದ ಧೂಳುಮಣ್ಣು ಇದೆ. ಇದನ್ನು ಲೋಯೆಸ್ ಮಣ್ಣು ಎನ್ನುತ್ತಾರೆ. ಮಳೆಯ ಹನಿ ಬಡಿದಾಗ ಇದರ ಮೇಲ್ಪದರದ ಸಣ್ಣ ಕಣಗಳು ಒಡೆದು ರಂಧ್ರಗಳನ್ನು ಮುಚ್ಚುತ್ತವೆ. ನೆಲ ಹೆಪ್ಪುಗಟ್ಟಿ, ಆಮೇಲೆ ಬಿದ್ದ ನೀರು ಒಳಗೆ ಇಳಿಯದೆ ಹರಿದುಹೋಗುತ್ತದೆ. ನಮ್ಮ ಕೆಂಪು ಮಣ್ಣಿನಲ್ಲಿ ಬಿತ್ತನೆಯ ಬೆನ್ನಲ್ಲೇ ಜೋರು ಮಳೆ ಬಂದು, ಮೇಲ್ಪದರ ಗಟ್ಟಿಯಾಗಿ, ಮೊಳಕೆ ಮೇಲೆ ಬರಲಾರದೆ ಹೋಗುವುದನ್ನು ಕಂಡವರಿಗೆ ಇದು ಹೊಸತಲ್ಲ.

ಭೂಗೋಳ ವಿಜ್ಞಾನಿ ಆರನ್ ಯೈರ್ ಅವರು ಸ್ದೆ ಬೋಕರ್ ಬಳಿಯ ಇಳಿಜಾರುಗಳಲ್ಲಿ 1970ರ ದಶಕದಿಂದ ನಡೆಸಿದ ಅಳತೆಗಳು ಇನ್ನೊಂದು ಅಂಶವನ್ನು ಬೆಳಕಿಗೆ ತಂದವು. ಬರಿ ಬಂಡೆಯ ಮೇಲೆ ಕೆಲವೇ ಮಿ.ಮೀ. ಮಳೆ ಬಿದ್ದರೂ ನೀರು ಹರಿಯತೊಡಗುತ್ತದೆ. ಆದರೆ ಇಳಿಜಾರಿನ ಬುಡದಲ್ಲಿ ಮಣ್ಣು ಕಲ್ಲು ಶೇಖರವಾಗಿರುವ ಕಡೆ ಆ ನೀರು ಇಂಗಿಬಿಡುತ್ತದೆ. ಮಳೆ ಬಿಟ್ಟು ಬಿಟ್ಟು ಬಂದರೆ ಮೇಲೆ ಹರಿದ ನೀರು ಹಳ್ಳವನ್ನೇ ತಲಪುವುದಿಲ್ಲ. ಆದ್ದರಿಂದಲೇ ದೊಡ್ಡ ಜಲಾನಯನಕ್ಕಿಂತ ಚಿಕ್ಕ ಜಲಾನಯನದಲ್ಲಿ ಹೆಕ್ಟೇರಿಗೆ ಹೆಚ್ಚು ನೀರು ಸಿಗುತ್ತದೆ. ಹಿಂದಿನ ರೈತರು ಇಳಿಜಾರಿಗೆ ಓರೆಯಾಗಿ ಸಣ್ಣ ಕಾಲುವೆಗಳನ್ನು ತೋಡಿ, ನೀರು ದಾರಿಯಲ್ಲಿ ಇಂಗುವ ಮುನ್ನವೇ ಹೊಲಕ್ಕೆ ತಿರುಗಿಸಿಕೊಳ್ಳುತ್ತಿದ್ದುದು ಗಮನಾರ್ಹ.

ಕಲ್ಲಿನ ಗುಪ್ಪೆಗಳ ಒಗಟು

ಅಲ್ಲಿನ ಇಳಿಜಾರುಗಳಲ್ಲಿ ಕಲ್ಲುಗಳನ್ನು ಆಯ್ದು ಸಾಲು ಸಾಲಾಗಿ ಗುಪ್ಪೆ ಹಾಕಿರುವುದು ಕಾಣುತ್ತದೆ. ಸ್ಥಳೀಯ ಬೆಡುಯಿನ್ ಜನರು ಇವನ್ನು ದ್ರಾಕ್ಷಿಯ ಗುಪ್ಪೆಗಳೆಂದು ಕರೆಯುತ್ತಿದ್ದರು. ಗುಪ್ಪೆಗಳ ಮೇಲೆ ಬಳ್ಳಿ ಹಬ್ಬಿಸುತ್ತಿದ್ದರೆಂದು ಕೆಲವರು ಊಹಿಸಿದರು. ಮೇಲಿನ ಮಣ್ಣು ಕೊಚ್ಚಿ ಕೆಳಗಿನ ಹೊಲಕ್ಕೆ ಬರಲೆಂದು ಹೀಗೆ ಮಾಡಿದರೆಂಬುದು ಭೂಗೋಳಜ್ಞ ಯೆಹೂದಾ ಕೆದಾರ್ ಅವರ ವಾದ. ಎವೆನಾರಿ ತಂಡದವರು ಕಲ್ಲು ತೆಗೆದ ತಾಕು, ತೆಗೆಯದ ತಾಕುಗಳನ್ನು ಅಕ್ಕಪಕ್ಕದಲ್ಲಿಟ್ಟು ಅಳೆದಾಗ, ಕಲ್ಲು ತೆಗೆದ ಕಡೆ ಹೆಚ್ಚು ನೀರು ಹರಿದದ್ದು ಕಂಡುಬಂತು. ಬಿಡಿ ಕಲ್ಲು ಹನಿಯ ಪೆಟ್ಟನ್ನು ತಡೆದು, ಮಣ್ಣು ಹೆಪ್ಪುಗಟ್ಟದಂತೆ ಕಾಯುತ್ತದೆ ಎಂಬುದೇ ಇದರ ಅರ್ಥ.

ನಾವು ತಿಳಿಯಬೇಕಾದದ್ದು

ಈ ಪದ್ಧತಿಯನ್ನು ಇದ್ದಂತೆಯೇ ಇಲ್ಲಿಗೆ ತರುವುದು ತರವಲ್ಲ. ಒಂದು ಎಕರೆಗೆ ಇಪ್ಪತ್ತು ಎಕರೆ ಇಳಿಜಾರು ಬಿಡುವಷ್ಟು ಭೂಮಿ ನಮ್ಮಲ್ಲಿಲ್ಲ. ಅಲ್ಲಿ ಚಳಿಗಾಲದ ಮಳೆಯ ನೀರು ನಿಧಾನವಾಗಿ ಆವಿಯಾಗುತ್ತದೆ; ನಮ್ಮ ಮುಂಗಾರು ಮಳೆ ಬೆಚ್ಚಗಿನ ದಿನಗಳಲ್ಲಿ ಬರುವುದರಿಂದ ಬೇಗ ಆರಿಹೋಗುತ್ತದೆ. ನಮ್ಮ ಬಿರುಮಳೆಗೆ ಇಳಿಜಾರನ್ನು ಬರಿದು ಮಾಡಿದರೆ ಮಣ್ಣು ಕೊಚ್ಚಿಹೋಗುವುದು ಖಂಡಿತ.

ಆದರೆ ಅದರ ಹಿಂದಿನ ತತ್ವ ನಮಗೂ ಅನ್ವಯಿಸುತ್ತದೆ. ಬೆಳೆಗೆ ಒದಗುವುದು ಬಿದ್ದ ಮಳೆಯಲ್ಲ, ಬೇರಿನ ಬಳಿ ನಿಂತ ನೀರು. ಆದ್ದರಿಂದ ಈ ಕೆಳಗಿನ ಅಂಶಗಳನ್ನು ಗಮನಿಸಬೇಕು.

1. ಜಿಲ್ಲೆಯ ಸರಾಸರಿಯನ್ನು ನೆಚ್ಚಿ ಕೂರದೆ ನಿಮ್ಮ ಹೊಲದಲ್ಲಿಯೇ ಒಂದು ಮಳೆಮಾಪಕವನ್ನಿಟ್ಟು ಪ್ರತಿ ಮಳೆಯನ್ನೂ ಬರೆದಿಡಿ.

2. ಮಳೆ ಸುರಿಯುವಾಗ ನೀರು ಮೊದಲು ಹರಿಯತೊಡಗುವ ಜಾಗ, ಅದು ಇಂಗುವ ಜಾಗ ಇವೆರಡನ್ನೂ ಗುರುತಿಸಿ. ಬದು ಮತ್ತು ಕೃಷಿ ಹೊಂಡದ ಸ್ಥಳವನ್ನು ಇದರ ಮೇಲೆ ನಿರ್ಧರಿಸುವುದು ಲೇಸು.

3. ಒಂದು ಎಕರೆಯ ಮೇಲೆ 1 ಮಿ.ಮೀ. ಮಳೆ ಎಂದರೆ ಸುಮಾರು 4,000 ಲೀಟರು ನೀರು. 25 ಮಿ.ಮೀ. ಮಳೆಯಲ್ಲಿ ಐದನೇ ಒಂದು ಪಾಲು ಹರಿದರೂ ಎಕರೆಗೆ 20,000 ಲೀಟರು ಹೊರಗೆ ಹೋದಂತಾಯಿತು. ಹೊಂಡದ ಗಾತ್ರವನ್ನು ಈ ಲೆಕ್ಕದಿಂದ ಗೊತ್ತುಮಾಡಿ.

4. ಪ್ರತಿ ಬದುವಿಗೂ ಕಲ್ಲು ಕಟ್ಟಿದ ಕೋಡಿ ಇರಲಿ. ಕೋಡಿಯಿಲ್ಲದ ಬದು ದೊಡ್ಡ ಮಳೆಗೆ ಒಡೆದು, ಕೆಳಗಿನ ಹೊಲವನ್ನೂ ಹಾಳುಮಾಡುತ್ತದೆ.

5. ಹೊಲದ ಮೇಲ್ಮೈಯನ್ನು ಕಸಕಡ್ಡಿ, ರವದಿಗಳಿಂದ ಮುಚ್ಚಿ, ಹೆಪ್ಪುಗಟ್ಟಿದ ಕಡೆ ಎಡೆ ಹೊಡೆದು ನೀರು ಇಂಗುವಂತೆ ಮಾಡಿ.

ಮುಂದಿನ ಹದ ಮಳೆ ಬರುವ ಮೊದಲೇ ಹೊಲವನ್ನು ಒಮ್ಮೆ ಸುತ್ತಿ ಬದುಗಳ ಬಿರುಕು, ಕೋಡಿಗಳ ಸ್ಥಿತಿಯನ್ನು ಪರೀಕ್ಷಿಸಿ, ಆಗಬೇಕಾದ ದುರಸ್ತಿಯನ್ನು ಮುಗಿಸಿಕೊಳ್ಳುವುದು ಒಳ್ಳೆಯದು.