ಗಗನಯಾತ್ರಿಯ ಜೊತೆ ಇನ್ನೊಂದು ಜೀವಿಯೂ ಇಳಿದರೆ?

ಪ್ರಶ್ನೆ: ರಷ್ಯಾದ ‘ಸ್ಪುಟ್ನಿಕ್’ (2020) ಸಿನಿಮಾದಲ್ಲಿ ಗಗನಯಾತ್ರಿಯ ಮೈಯೊಳಗೆ ಸೇರಿಕೊಂಡು ಅನ್ಯಲೋಕದ ಜೀವಿಯೊಂದು ಭೂಮಿಗೆ ಬರುತ್ತದೆ. ಹೀಗಾಗದಂತೆ ನಿಜಕ್ಕೂ ಯಾರಾದರೂ ಎಚ್ಚರ ವಹಿಸಿದ್ದುಂಟೇ?

ಉತ್ತರ: ಉಂಟು. 1969ರ ಜುಲೈ 24ರಂದು ಅಪೋಲೊ 11 ಪೆಸಿಫಿಕ್ ಸಾಗರಕ್ಕೆ ಇಳಿದಾಗ, ಮೂವರೂ ಯಾತ್ರಿಗಳು ಮೈತುಂಬ ಮುಚ್ಚುವ ವಿಶೇಷ ಉಡುಪು ತೊಟ್ಟೇ ನೌಕೆಯಿಂದ ಹೊರಬಂದರು. ಹಾರ್ನೆಟ್ ಹಡಗಿನಲ್ಲಿ ಅವರನ್ನು ಮೊಹರು ಮಾಡಿದ ಟ್ರೇಲರಿನೊಳಗೆ ಕೂರಿಸಲಾಯಿತು. ಅಧ್ಯಕ್ಷ ನಿಕ್ಸನ್ ಕೂಡ ಕಿಟಕಿಯ ಗಾಜಿನ ಆಚೆ ನಿಂತೇ ಅವರನ್ನು ಅಭಿನಂದಿಸಬೇಕಾಯಿತು. ಚಂದ್ರನಿಂದ ಹೊರಟಾಗಿನಿಂದ ಲೆಕ್ಕ ಹಾಕಿ 21 ದಿನಗಳ ಪ್ರತ್ಯೇಕವಾಸ. ಅದರ ಬಹುಪಾಲು ಕಳೆದದ್ದು ಹ್ಯೂಸ್ಟನ್ನಿನ ಪ್ರಯೋಗಾಲಯದಲ್ಲಿ. ಆದರೆ ಉಡುಪು ಕೊಡಲೆಂದು ನೌಕೆಯ ಬಾಗಿಲನ್ನು ಸಮುದ್ರದ ಮೇಲೆಯೇ ತೆರೆದಿದ್ದರು! ಒಳಗೆ ಸೂಕ್ಷ್ಮಜೀವಿ ಇದ್ದಿದ್ದರೆ ಅದು ಆಗಲೇ ಗಾಳಿಗೆ ಸೇರಿಬಿಡುತ್ತಿತ್ತು. ಇಡೀ ವ್ಯವಸ್ಥೆಯಲ್ಲಿ ನನ್ನನ್ನು ಹೆಚ್ಚು ಕಾಡುವುದು ಈ ಲೋಪವೇ. ಚಂದ್ರನಲ್ಲಿ ಜೀವದ ಸುಳಿವೇ ಸಿಗದ್ದರಿಂದ ಅಪೋಲೊ 14ರ ನಂತರ ಈ ಪದ್ಧತಿಯನ್ನು ಕೈಬಿಟ್ಟರು.

1983ರಲ್ಲಿ ನಡೆಯುವ ‘ಸ್ಪುಟ್ನಿಕ್’ ಕಥೆಯ ಜೀವಿಗೆ, ಹೆದರಿದ ಮನುಷ್ಯರಲ್ಲಿ ಉಕ್ಕುವ ಕಾರ್ಟಿಸಾಲ್ ಆಹಾರ. ಈ ಹಾರ್ಮೋನು ನಿಜವಾದದ್ದೇ; ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಅದನ್ನು ಸ್ರವಿಸುತ್ತವೆ. ಭಯವನ್ನೇ ಊಟವಾಗಿಸಿದ ಈ ಕಲ್ಪನೆ ಸಿನಿಮಾದ ದೊಡ್ಡ ಶಕ್ತಿ. ವಾಸ್ತವದಲ್ಲಿ ವಿಜ್ಞಾನಿಗಳ ಚಿಂತೆ ಇಂಥ ದೈತ್ಯರದ್ದಲ್ಲ, ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳದ್ದು. ಹೊರಗಿನಿಂದ ತಂದ ವಸ್ತುವಿನಿಂದ ಭೂಮಿಯ ಪರಿಸರಕ್ಕೆ ಹಾನಿಯಾಗಬಾರದು ಎಂಬ ಷರತ್ತು 1967ರ ಬಾಹ್ಯಾಕಾಶ ಒಪ್ಪಂದದಲ್ಲೇ ಇದೆ. ಮಂಗಳನ ಮಣ್ಣನ್ನು ತರುವ ಯಾವ ಯೋಜನೆಯೂ ಈ ಷರತ್ತಿಗೆ ಬದ್ಧ.